ಬಾಣದ ಹಿಳುಕಿಗೊಂದು ದೀಪ

ಬಿಟ್ಟ ಬಾಣ, ಆಡಿದ ಮಾತು ಮರಳಿ ಬಾರವು ಎಂಬ ಮಾತು ನಮ್ಮಲ್ಲಿ ಹಳೆಯದು. ಆಡಿದ ಮಾತಿನ ಸಂಗತಿ ಹಾಗಿರಲಿ. ಬಾಣದ ಮಟ್ಟಿಗೆ ಈ ಹೇಳಿಕೆ ಅರ್ಧ ಸತ್ಯವನ್ನು ಮಾತ್ರ ಒಳಗೊಂಡಿದೆ. ಬಿಟ್ಟ ಬಾಣ ತಾನಾಗಿ ಮರಳುವುದಿಲ್ಲ, ನಿಜ. ಆದರೆ ಬಿಟ್ಟವನು ಹೋಗಿ ಅದನ್ನು ಹುಡುಕಬಲ್ಲನು. ಹುಡುಕುವುದು ಅವನ ಕರ್ತವ್ಯವೂ ಹೌದು. ಆ ಹುಡುಕಾಟಕ್ಕೆ ನೆರವಾಗಲೆಂದು ನಮ್ಮ ಕಾಲದಲ್ಲಿ ಹುಟ್ಟಿದ ಒಂದು ಪುಟ್ಟ ಸಾಧನವನ್ನು ಕುರಿತು ಈಗ ನಾಲ್ಕು ಮಾತು ಹೇಳಬೇಕಾಗಿದೆ. ಬಾಣದ ಹಿಂತುದಿಯಲ್ಲಿ ಅಡಗಿದ್ದು, ಹೆದೆಯಿಂದ ಚಿಮ್ಮಿದ ಕ್ಷಣದಲ್ಲಿ ತಾನೇ ಹೊತ್ತಿಕೊಳ್ಳುವ ದೀಪ ಅದು. ಅಡ್ಡಬಿಲ್ಲಿನ ಬೇಟೆಯ ಬಾಣಗಳಿಗೆ ಇಂಥ ದೀಪವನ್ನು ಆಯ್ದುಕೊಳ್ಳುವುದು ಹೇಗೆ, ಅದು ಏನನ್ನು ತೋರಿಸಬಲ್ಲುದು, ಏನನ್ನು ತೋರಿಸಲಾರದು ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಬಾಣದ ಹಿಂಭಾಗಕ್ಕೆ ನಮ್ಮ ಕಾವ್ಯಗಳಲ್ಲಿ ಹಿಳುಕು ಎಂಬ ಚೆಲುವಾದ ಹೆಸರಿದೆ. ಗರಿ ಕಟ್ಟಿದ ಆ ಭಾಗದ ತುದಿಯಲ್ಲಿ ಹೆದೆ ಕೂಡುವ ಕಚ್ಚು ಇರುತ್ತದೆ. ಇಂಗ್ಲಿಷಿನವರು ಅದನ್ನು ನಾಕ್ ಎನ್ನುತ್ತಾರೆ. ಇಂದಿನ ಕ್ರೀಡಾಪಟುಗಳ ಬಾಯಲ್ಲಿರುವುದೂ ಅದೇ ಮಾತು. ನಾನು ಇಲ್ಲಿ ಹಿಳುಕು ಎಂಬ ಹಳೆಯ ಮಾತನ್ನೇ ಬಳಸುವೆನು. ಗುರಿಯತ್ತ ಮುಖ ಮಾಡಿದ ಮೊನೆಯನ್ನು ಹೊಗಳಿದಷ್ಟು ನಮ್ಮವರು ಹಿಳುಕನ್ನು ಹೊಗಳಿಲ್ಲ. ಆದರೆ ಬಾಣ ಹಾರಿಹೋದ ಮೇಲೆ ಬಿಟ್ಟವನ ಕಣ್ಣಿಗೆ ಕಾಣುವುದು ಅದರ ಬೆನ್ನು ಮಾತ್ರ. ಆದ್ದರಿಂದಲೇ ದೀಪ ಇಡಬೇಕಾದ ಜಾಗ ಹಿಳುಕು.

ಧಾರವಾಡದಿಂದ ಸವದತ್ತಿಯ ದಾರಿ ಹಿಡಿದರೆ ಅಮ್ಮಿನಬಾವಿ ಸಿಗುತ್ತದೆ. ಅವಳಿ ನಗರದವರಿಗೆ ಇದು ನೀರಿನಿಂದ ಪರಿಚಿತವಾದ ಊರು. ಸವದತ್ತಿಯ ಕಡೆಯಿಂದ ಬರುವ ಮಲಪ್ರಭೆಯ ನೀರನ್ನು ಶುದ್ಧೀಕರಿಸುವ ಸ್ಥಾವರ ಇಲ್ಲಿದೆ. ಊರಿನ ಹೊರಗೆ ಎರೆಯ ಹೊಲಗಳು. ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಂಡು ಬಿಡದ ಈ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಕೆಲವು ಬಿರುಕುಗಳಲ್ಲಿ ಮೊಳಕೈಯವರೆಗೆ ತೋಳನ್ನು ಇಳಿಸಬಹುದು. ಹಿಂಗಾರಿಯಲ್ಲಿ ಇದೇ ನೆಲದ ಮೇಲೆ ಬಿಳಿಜೋಳ, ಕಡಲೆ, ಕುಸುಬೆಗಳು ತಲೆಯೆತ್ತಿ ನಿಲ್ಲುತ್ತವೆ. ಇಂಥ ಒಂದು ಹೊಲದ ಬದುವಿನ ಮೇಲೆ ನಿಂತು, ಹೊತ್ತು ಮುಳುಗಿ ಕಾಲು ಗಂಟೆ ಕಳೆದ ಮೇಲೆ, ಯಾರೋ ಒಂದು ಕರಿಯ ಬಾಣವನ್ನು ಬಿಟ್ಟರೆಂದು ಊಹಿಸಿಕೊಳ್ಳೋಣ. ಒಂದು ಮೊಳ ಉದ್ದದ ಆ ಬಾಣ ಮೂವತ್ತು ಮೀಟರು ದಾಟಿ ಎರೆಯ ಬಿರುಕಿನಲ್ಲೋ ಜೋಳದ ದಂಟಿನ ಸಾಲಿನಲ್ಲೋ ಸೇರಿತು. ಅದನ್ನು ಹುಡುಕುವುದು ಹೇಗೆ? ಮರುದಿನ ಎತ್ತಿನ ಗೊರಸೋ, ಕಳೆ ಕೀಳುವ ಹೆಣ್ಣುಮಗಳ ಅಂಗಾಲೋ ಅದನ್ನು ಕಂಡುಹಿಡಿದೀತು. ಬ್ಲೇಡಿನಂತೆ ಹರಿತವಾದ ಅಲಗುಳ್ಳ ಬಾಣವನ್ನು ಹೊಲದಲ್ಲಿ ಕಳೆದುಕೊಳ್ಳುವುದು ಒಂದು ಬಾಣದ ಬೆಲೆಯನ್ನು ಕಳೆದುಕೊಂಡಷ್ಟೇ ಅಲ್ಲ.

ಇದು ಕೇವಲ ಊಹೆ ಎಂಬುದನ್ನು ಇಲ್ಲಿಯೇ ಒತ್ತಿ ಹೇಳಬೇಕು. ಬೇಟೆ ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ಅರಸರ ವಿನೋದವಾಗಿತ್ತು, ಬೇಡರ ಬದುಕಾಗಿತ್ತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಬೇಟೆಯ ಹಲವಾರು ಬಗೆಗಳನ್ನು ವಿವರಿಸಿದ್ದಾನೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಅಧ್ಯಾಯವನ್ನು ಮುಗಿಸಿತು. ಆ ಕಾಯಿದೆಯ ಮೊದಲ ರೂಪದಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಉಳಿದಿದ್ದ ಅವಕಾಶವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ನಮ್ಮ ಕಡೆಯವರು ಚಿಗರಿ ಎಂದು ಕರೆಯುವ ಕೃಷ್ಣಮೃಗ ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸವಿದೆ. ಅದೇ ಚಿಗರಿಗಾಗಿ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ವೇಗದ ಬಸ್ಸುಗಳಿಗೂ ಚಿಗರಿ ಎಂದೇ ಹೆಸರಿಟ್ಟರು. ಹೀಗೆ ಬಾಣಕ್ಕೆ ಗುರಿಯಾಗಿದ್ದ ಪ್ರಾಣಿ ನಮ್ಮ ಅಭಿಮಾನದ ಸಂಕೇತವಾಯಿತು. ಇಲ್ಲಿ ಯಾರೂ ಬೇಟೆಯ ಬಾಣಕ್ಕೆ ದೀಪ ಕೊಳ್ಳಬೇಕಾಗಿಲ್ಲ, ಕೊಳ್ಳಲೂ ಬಾರದು.

ಹಾಗಾದರೆ ಈ ವಿಚಾರ ನಮಗೇಕೆ? ನಮ್ಮವರು ಇಂದು ಒಂದೇ ನೆಲದಲ್ಲಿಲ್ಲ. ಧಾರವಾಡದ ಸುತ್ತಲಿನ ಊರುಗಳಿಂದ ಹೋಗಿ ಅಮೆರಿಕದಲ್ಲಿ ನೆಲೆನಿಂತ ಕುಟುಂಬಗಳು ಎಷ್ಟೋ ಇವೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಜಿಂಕೆಯ ಬೇಟೆ ಕಾನೂನಿಗೆ ಒಳಪಟ್ಟ, ಪರವಾನಗಿಯುಳ್ಳ, ಋತುಬದ್ಧವಾದ ವ್ಯವಹಾರ; ಅಡ್ಡಬಿಲ್ಲಿಗೂ ಅದರಲ್ಲಿ ಸ್ಥಾನವಿದೆ. ಅಲ್ಲಿ ಬೆಳೆದ ಮೊಮ್ಮಗನು ಗೆಳೆಯರ ಸಂಗಡ ಕಾಡಿಗೆ ಹೋಗುತ್ತೇನೆಂದಾಗ, ಬೇಡವೆನ್ನುವ ಅಜ್ಜನಿಗೂ ಹೋಗಲಿ ಎನ್ನುವ ಅಜ್ಜನಿಗೂ ವಿಷಯದ ತಿಳಿವಳಿಕೆ ಇದ್ದರೆ ಒಳಿತು. ಅದಲ್ಲದೆ ಈ ದೀಪದ ವಿಚಾರದಲ್ಲಿ ಬೇಟೆಯನ್ನು ಮೀರಿದ ಒಂದು ಪ್ರಶ್ನೆಯೂ ಅಡಗಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಅಡ್ಡಬಿಲ್ಲು ಎಂದರೇನೆಂದು ತಿಳಿಯೋಣ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರಾಸ್‌ಬೋ ಎಂದು ಹೆಸರು. ಬಂದೂಕಿನಂಥ ಹಿಡಿಯ ಮುಂದೆ ಬಿಲ್ಲನ್ನು ಅಡ್ಡಲಾಗಿ ಕೂಡಿಸಿರುತ್ತಾರೆ. ಹೆದೆಯನ್ನು ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿ, ಬಾಣವನ್ನು ಮೇಲಿನ ಗಾಡಿಯಲ್ಲಿ ಮಲಗಿಸಿ, ಗುರಿ ಹಿಡಿದು ಕುದುರೆಯನ್ನು ಒತ್ತಿದರೆ ಬಾಣ ಹೊರಡುತ್ತದೆ. ಕೈಬಿಲ್ಲಿನವನು ಎಳೆದ ಹೆದೆಯನ್ನು ತೋಳಬಲದಿಂದ ಹಿಡಿದು ನಿಲ್ಲಬೇಕು. ಅಡ್ಡಬಿಲ್ಲಿನಲ್ಲಿ ಆ ಭಾರವನ್ನು ಯಂತ್ರ ಹೊರುತ್ತದೆ. ಚೀನದಲ್ಲಿ ಇದು ಕ್ರಿಸ್ತಪೂರ್ವ ಕಾಲದಿಂದಲೂ ಸೈನ್ಯದ ಆಯುಧ. ಯುರೋಪಿನಲ್ಲಿ ಇದರ ಭಯ ಎಷ್ಟಿತ್ತೆಂದರೆ 1139ರ ಎರಡನೆಯ ಲ್ಯಾಟರನ್ ಧರ್ಮಸಭೆ ಕ್ರೈಸ್ತರ ಮೇಲೆ ಇದನ್ನು ಪ್ರಯೋಗಿಸಬಾರದೆಂದು ವಿಧಿಸಿತು. ನಮ್ಮ ದಕ್ಷಿಣಕ್ಕೂ ಇದು ತೀರ ಅಪರಿಚಿತವಲ್ಲ. ಕೇರಳದ ಹಿನ್ನೀರಿನ ಸೀಮೆಯಲ್ಲಿ ಮೀನು ಹೊಡೆಯಲು ಅಡ್ಡಬಿಲ್ಲನ್ನು ಬಳಸುತ್ತಿದ್ದುದನ್ನು ಜೇಮ್ಸ್ ಹಾರ್ನೆಲ್ 1924ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾನೆ. ಮೀನಿಗೆ ಬಿಡುವ ಬಾಣಕ್ಕೆ ದಾರ ಕಟ್ಟುವ ಪದ್ಧತಿ ಜಗತ್ತಿನ ಅನೇಕ ಕಡೆ ಇದೆ. ಬಾಣ ಎಲ್ಲಿ ಹೋಯಿತೆಂದು ತಿಳಿಯುವ ಅತ್ಯಂತ ಸರಳವಾದ ಉಪಾಯ ಅದೇ. ಕಾಡಿನಲ್ಲಿ ದಾರ ಕಟ್ಟಲಾಗದು. ಅದರ ಕೆಲಸವನ್ನು ಈಗ ಬೆಳಕು ಮಾಡುತ್ತಿದೆ.

ಇಂದಿನ ಅಡ್ಡಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು ನೂರು ಮೀಟರು ವೇಗದಲ್ಲಿ ಹೊರಡುತ್ತದೆ. ಮೂವತ್ತು ಮೀಟರಿನ ಗುರಿಯನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗವೂ ಬೇಡ. ಬಾಣವಾದರೋ ಗಿಡ್ಡದು, ತೆಳ್ಳನೆಯದು, ಬಹುಮಟ್ಟಿಗೆ ಕರಿಯದು. ಜಿಂಕೆಗಳು ಮೇವಿಗಾಗಿ ಹೆಚ್ಚು ಓಡಾಡುವುದು ನಸುಕಿನಲ್ಲಿ ಮತ್ತು ಸಂಜೆಯ ಮಬ್ಬಿನಲ್ಲಿ. ಹೀಗೆ ವೇಗ, ಬಣ್ಣ, ಹೊತ್ತು ಮೂರೂ ಸೇರಿ ಬಾಣವನ್ನು ಕಣ್ಣಿನಿಂದ ಮರೆಮಾಡುತ್ತವೆ. ಬಿಟ್ಟವನಿಗೆ ಒಂದು ಸಪ್ಪಳ ಕೇಳಿಸುತ್ತದೆ, ಪ್ರಾಣಿ ನೆಗೆದು ಓಡಿದ್ದು ಕಾಣುತ್ತದೆ. ತಗುಲಿತೇ, ತಪ್ಪಿತೇ, ತಗುಲಿದ್ದರೆ ಎಲ್ಲಿ ತಗುಲಿತು ಎಂಬುದು ತಿಳಿಯುವುದಿಲ್ಲ.

ದೀಪದ ಹಿಳುಕು ಬಂದದ್ದು ಈ ಕೊರತೆಯನ್ನು ನೀಗಲು. ಇದರ ಒಳರಚನೆ ಸರಳ. ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಹಿಳುಕು. ಅದರ ಹಿಂದೆ ಒಂದು ಎಲ್‌ಇಡಿ. ಅದಕ್ಕೆ ಕೂಡಿಕೊಂಡು ಬೆಂಕಿಕಡ್ಡಿಗಿಂತ ತುಸು ದಪ್ಪನಾದ, ಸೂಜಿಯಾಕಾರದ ಲಿಥಿಯಂ ಬ್ಯಾಟರಿ. ಮೀನು ಹಿಡಿಯುವವರು ರಾತ್ರಿಯ ಹೊತ್ತು ನೀರಿನ ಮೇಲೆ ತೇಲಿಬಿಡುವ ಬೆಂಡಿನ ದೀಪಕ್ಕೆ ಬಳಸುವ ಜಾತಿಯ ಬ್ಯಾಟರಿಯೇ ಇದು. ಇವೆಲ್ಲ ಬಾಣದ ಟೊಳ್ಳು ನಾಳದೊಳಗೆ ಅಡಗುತ್ತವೆ. ಹೆದೆ ಹಿಳುಕಿಗೆ ಹೊಡೆದಾಗ ಹಿಳುಕು ಕೂದಲೆಳೆಯಷ್ಟು ಮುಂದೆ ಸರಿದು ಒಳಗಿನ ಗುಂಡಿಯನ್ನು ಒತ್ತುತ್ತದೆ, ವಿದ್ಯುತ್ತಿನ ವರ್ತುಲ ಕೂಡುತ್ತದೆ, ದೀಪ ಹತ್ತುತ್ತದೆ. ಬಾಣ ಹಾರುವಾಗ ಗಾಳಿಯಲ್ಲಿ ಬೆಳಕಿನ ಒಂದು ಗೆರೆ, ನೆಟ್ಟ ಮೇಲೆ ಅಲ್ಲಿಯೇ ಒಂದು ಚುಕ್ಕೆ. ನಿಕ್ ಹೊಲೊನ್ಯಾಕ್ 1962ರಲ್ಲಿ ಕೆಂಪು ಬೆಳಕಿನ ಎಲ್‌ಇಡಿಯನ್ನು ತೋರಿಸಿಕೊಟ್ಟಾಗ ಅದು ಒಂದು ದಿನ ಬತ್ತಳಿಕೆಯನ್ನು ಸೇರೀತೆಂದು ಯಾರು ಎಣಿಸಿದ್ದರು!

ಈಗ ಆಯ್ಕೆಯ ಮಾತು. ಅಂಗಡಿಯವನು ಮೊದಲು ತೋರಿಸುವುದು ಬಣ್ಣಗಳನ್ನು. ಕೊಳ್ಳುವವನು ಮೊದಲು ನೋಡಬೇಕಾದುದು ಆಕಾರವನ್ನು. ಕೈಬಿಲ್ಲಿನ ಹಿಳುಕು ಹೆದೆಯನ್ನು ಮೆಲ್ಲನೆ ಕಚ್ಚಿ ಹಿಡಿದಿರುತ್ತದೆ. ಅಡ್ಡಬಿಲ್ಲಿನಲ್ಲಿ ಹೆದೆ ಬಾಣದ ಬೆನ್ನನ್ನು ಬಲವಾಗಿ ತಳ್ಳಿಕೊಂಡು ಹೋಗುತ್ತದೆ. ಮಧ್ಯಯುಗದ ಬಾಣಗಳಿಗೆ ಎಷ್ಟೋ ಸಲ ಕಚ್ಚೇ ಇರುತ್ತಿರಲಿಲ್ಲ, ಹಿಂತುದಿ ಚಪ್ಪಟೆಯಾಗಿರುತ್ತಿತ್ತು. ಇಂದು ಮುಖ್ಯವಾಗಿ ನಾಲ್ಕು ಬಗೆಗಳುಂಟು. ಮೊದಲನೆಯದು ಚಪ್ಪಟೆ ಹಿಳುಕು. ಎರಡನೆಯದು ಅರ್ಧಚಂದ್ರ, ಅದರ ಬೆನ್ನಿನಲ್ಲಿ ಹೆದೆ ಕೂಡುವಷ್ಟು ತಗ್ಗಾದ ಒಂದು ಗೀರು ಇರುತ್ತದೆ. ಮೂರನೆಯದು ಕೈಬಿಲ್ಲಿನದರಂತೆ ಆಳವಾದ ಕಚ್ಚುಳ್ಳದ್ದು, ಹೆದೆಯನ್ನು ಎರಡು ಕಿವಿಗಳ ನಡುವೆ ಹಿಡಿಯುವಂಥದು. ನಾಲ್ಕನೆಯದರಲ್ಲಿ ಹಲವು ಗೀರುಗಳು ಒಂದನ್ನೊಂದು ದಾಟಿರುತ್ತವೆ. ಬಾಣವನ್ನು ಹೇಗೆ ತಿರುಗಿಸಿ ಇಟ್ಟರೂ ಹೆದೆಗೆ ಒಂದು ಗೀರು ಸಿಗುತ್ತದೆ. ನಮ್ಮ ಭಾರತದ ಯುದ್ಧಗಳಲ್ಲಿ ಅರ್ಧಚಂದ್ರವೆಂದರೆ ಶತ್ರುವಿನ ಕೊರಳನ್ನು ಅರಸುವ ಮೊನೆಯ ಆಕಾರ. ಇಲ್ಲಿ ಅದು ಬಾಲದ ಆಕಾರ.

ಈ ನಾಲ್ಕರಲ್ಲಿ ಯಾವುದು ಮೇಲು ಎಂಬ ಚರ್ಚೆ ವ್ಯರ್ಥ. ಬಿಲ್ಲು ತಯಾರಿಸಿದವರು ಯಾವುದನ್ನು ಸೂಚಿಸಿರುವರೋ ಅದೇ ಸರಿ. ಅವರ ಸೂಚನೆಯನ್ನು ಮೀರಿ ಬೇರೆಯ ಆಕಾರವನ್ನು ಹಾಕಿದರೆ ಹೆದೆ ಬಾಣದ ಮೇಲಕ್ಕೋ ಕೆಳಕ್ಕೋ ಜಾರಬಹುದು. ಆಗ ಬಾಣಕ್ಕೆ ಸೇರಬೇಕಾದ ಬಲವೆಲ್ಲ ಬಿಲ್ಲಿನ ಅಂಗಗಳಿಗೇ ತಗುಲುತ್ತದೆ. ಬಿಲ್ಲು ಒಡೆಯಬಹುದು, ಹೆದೆ ಹರಿಯಬಹುದು, ಹಿಡಿದವನ ಕೈಗೆ ಕಣ್ಣಿಗೆ ಅಪಾಯವಾಗಬಹುದು. ಅರ್ಧಚಂದ್ರದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದರ ಗೀರು ಹೆದೆಗೆ ನೇರವಾಗಿರಬೇಕು, ಬೇರೆ ಬಣ್ಣದ ಒಂಟಿ ಗರಿ ಗಾಡಿಯ ಸೀಳಿನಲ್ಲಿ ಕೂಡಬೇಕು. ಕೂಡಿಸುವಾಗ ಹಿಳುಕು ತುಸು ತಿರುಗಿದ್ದರೂ ಗೀರು ಇದ್ದೂ ಇಲ್ಲದಂತಾಗುತ್ತದೆ. ದೀಪವಿದ್ದ ಮಾತ್ರಕ್ಕೆ ಈ ನಿಯಮಗಳು ಸಡಿಲವಾಗುವುದಿಲ್ಲ.

ಆಕಾರದ ಬಳಿಕ ಅಳತೆ. ಹಿಳುಕು ನಾಳದೊಳಗೆ ಬಿಗಿಯಾಗಿ ಕೂಡಬೇಕು. ಕಾರ್ಬನ್ ನಾಳಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಒಳವ್ಯಾಸ 0.300 ಅಂಗುಲ, ಎಂದರೆ ಸುಮಾರು 7.6 ಮಿಲಿಮೀಟರು, ಅಲ್ಯೂಮಿನಿಯಂ ನಾಳಗಳ ಅಳತೆ ಬೇರೆ. ಕಣ್ಣಂದಾಜಿನಲ್ಲಿ ಎರಡೂ ಒಂದೇ ಎನಿಸುತ್ತವೆ, ಕೂಡಿಸಿದಾಗ ವ್ಯತ್ಯಾಸ ತಿಳಿಯುತ್ತದೆ. ಸಡಿಲವಾದ ಹಿಳುಕು ಹಾರುವಾಗಲೇ ಕಳಚಿ ಬಿದ್ದೀತು. ಅತಿ ಬಿಗಿಯಾದದ್ದನ್ನು ಬಲವಂತದಿಂದ ತುರುಕಿದರೆ ನಾಳದ ಬಾಯಿ ಸೀಳೀತು. ಸೀಳಿದ ನಾಳವನ್ನು ಮತ್ತೆ ಬಿಲ್ಲಿಗೆ ಏರಿಸಬಾರದು.

ಮೂರನೆಯದು ತೂಕ. ಇದನ್ನು ಕುರಿತು ಯೋಚಿಸುವವರು ಕಡಿಮೆ. ಬಾಣದ ತೂಕವನ್ನು ಅಲ್ಲಿನವರು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ನಾನೂರು ಗ್ರೇನಿನ ಬಾಣವೆಂದರೆ ಸುಮಾರು 26 ಗ್ರಾಂ. ದೀಪವುಳ್ಳ ಹಿಳುಕು ಸಾಮಾನ್ಯವಾದುದಕ್ಕಿಂತ ಹೆಚ್ಚುಕಡಿಮೆ ಒಂದು ಗ್ರಾಂ ಭಾರ. ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಎಂಟು ಗುಲಗಂಜಿ. ಇಷ್ಟರಿಂದ ಏನಾದೀತು ಎನ್ನಬಾರದು, ಏಕೆಂದರೆ ಆ ತೂಕ ಸೇರುವುದು ಬಾಲದಲ್ಲಿ. ಬಾಣ ನೆಟ್ಟಗೆ ಹಾರಬೇಕಾದರೆ ಅದರ ತೂಕದ ಕೇಂದ್ರ ನಡುವಿಗಿಂತ ಮುಂದೆ ಇರಬೇಕು. ಐವತ್ತು ಸೆಂಟಿಮೀಟರು ಉದ್ದದ, 26 ಗ್ರಾಂ ತೂಕದ ಬಾಣವೊಂದು ಹಿಂತುದಿಯಿಂದ 31.5 ಸೆಂಟಿಮೀಟರಿನಲ್ಲಿ ಬೆರಳ ಮೇಲೆ ತೂಗಿ ನಿಲ್ಲುತ್ತದೆಂದು ಭಾವಿಸೋಣ. ನಡುವಿಗಿಂತ ಆರೂವರೆ ಸೆಂಟಿಮೀಟರು ಮುಂದೆ, ಎಂದರೆ ಉದ್ದದ ನೂರಕ್ಕೆ 13 ಭಾಗ ಮುಂದೆ. ಬಾಲಕ್ಕೆ ಒಂದು ಗ್ರಾಂ ಸೇರಿಸಿದರೆ ತೂಗುವ ಬಿಂದು 30.3 ಸೆಂಟಿಮೀಟರಿಗೆ ಸರಿಯುತ್ತದೆ; ನೂರಕ್ಕೆ 13 ಇದ್ದುದು ಸುಮಾರು 10.7 ಆಗುತ್ತದೆ. ಮೊನೆಗೂ ಒಂದು ಗ್ರಾಂ ಸೇರಿಸಿದರೆ 12ಕ್ಕೆ ಮರಳುತ್ತದೆ, ಆದರೆ ಬಾಣ ಒಟ್ಟಾರೆ ಭಾರವಾಗಿ ವೇಗ ತುಸು ತಗ್ಗುತ್ತದೆ. ಒಂದನ್ನು ಪಡೆದಾಗ ಇನ್ನೊಂದನ್ನು ತೆರಬೇಕು.

ಇದರಿಂದ ಹೊರಡುವ ನಿಯಮ ಸ್ಪಷ್ಟವಾಗಿದೆ. ದೀಪದ ಹಿಳುಕನ್ನು ಒಂದು ಬಾಣಕ್ಕೆ ಮಾತ್ರ ಹಾಕಿ ಉಳಿದವುಗಳನ್ನು ಹಾಗೆಯೇ ಬಿಡಬಾರದು. ಅಭ್ಯಾಸಕ್ಕೆ ಬಳಸುವ ಬಾಣವೂ ಅದೇ ತೂಕದ್ದಾಗಿರಬೇಕು. ಬತ್ತಳಿಕೆಯ ಬಾಣಗಳೆಲ್ಲ ಒಂದೇ ತೂಕದವಾಗಿರಬೇಕು. ಹಗುರವಾದ ಬಾಣದಿಂದ ಗುರಿ ಕಲಿತು ಭಾರವಾದ ಬಾಣವನ್ನು ಪ್ರಾಣಿಯ ಮೇಲೆ ಬಿಡುವವನು, ತನ್ನ ಕಲಿಕೆಯನ್ನು ಮನೆಯಲ್ಲಿಯೇ ಬಿಟ್ಟು ಬಂದವನಂತೆ.

ನಾಲ್ಕನೆಯದು ದೀಪ ಹತ್ತುವ ಮತ್ತು ಆರುವ ವಿಧಾನ. ಹೆದೆಯ ಹೊಡೆತದಿಂದ ಹತ್ತುವ ದೀಪ ಬಾಣವನ್ನು ಗಾಡಿಯಲ್ಲಿಟ್ಟು ಹಿಂದಕ್ಕೆ ಸರಿಸುವಾಗಲೇ ಹತ್ತಿಬಿಡಬಾರದು. ಹತ್ತಿದರೆ ಕತ್ತಲಲ್ಲಿ ಕುಳಿತವನ ಮುಖಕ್ಕೆ ಬೆಳಕು ಬಿದ್ದೀತು, ಬ್ಯಾಟರಿಯೂ ವ್ಯರ್ಥ. ಬಿಟ್ಟಾಗ ಹತ್ತದಿದ್ದರೆ ಆ ದೀಪವೇ ವ್ಯರ್ಥ. ಆದ್ದರಿಂದ ಮೆತ್ತನೆಯ ಗುರಿಹಲಗೆಗೆ ಹತ್ತಿಪ್ಪತ್ತು ಸಲ ಬಿಟ್ಟು ನೋಡಬೇಕು. ಪ್ರತಿ ಸಲ ಹತ್ತಬೇಕು, ಪ್ರತಿ ಸಲ ಸುಲಭವಾಗಿ ಆರಬೇಕು. ಅಡ್ಡಬಿಲ್ಲಿನ ಹೊಡೆತ ಜೋರಾದುದರಿಂದ ಪ್ಲಾಸ್ಟಿಕ್ಕಿನಲ್ಲಿ ಬಿರುಕು ಬಿಟ್ಟಿದೆಯೇ ಎಂದು ಪ್ರತಿ ಸಲವೂ ಉಗುರಾಡಿಸಿ ನೋಡುವುದು ಒಳ್ಳೆಯ ರೂಢಿ. ಹಿಳುಕಿನ ಮೇಲೆ ಕೈಬಿಲ್ಲಿನದೆಂದು ಬರೆದಿದ್ದರೆ ಅದನ್ನು ಅಡ್ಡಬಿಲ್ಲಿಗೆ ಬಳಸಲೇಬಾರದು. ಆ ಚಿಕ್ಕ ಬ್ಯಾಟರಿಗಳು ಮಕ್ಕಳ ಕೈಗೆ ಸಿಗದಂತೆಯೂ ನೋಡಿಕೊಳ್ಳಬೇಕು. ನುಂಗಿದರೆ ಅದು ಪ್ರಾಣಕ್ಕೆರವಾಗುವ ಅಪಾಯ.

ಕೊನೆಯದು ಬಣ್ಣ. ಇಲ್ಲಿ ನಮ್ಮ ಕಣ್ಣಿನ ಸ್ವಭಾವವನ್ನು ಕೇಳಬೇಕು. ಹಿತ್ತಲಿನ ಕೆಂಪು ದಾಸವಾಳವನ್ನು ಸಂಜೆ ಗಮನಿಸಿದವರಿಗೆ ಗೊತ್ತು: ಹೊತ್ತು ಇಳಿದಂತೆ ಹೂವು ಕಪ್ಪಾಗುತ್ತ ಬರುತ್ತದೆ, ಅದರ ಎಲೆಗಳು ಮಾತ್ರ ಇನ್ನೂ ಕಾಣುತ್ತಿರುತ್ತವೆ. ಈ ವಿಚಿತ್ರವನ್ನು 19ನೆಯ ಶತಮಾನದ ಆದಿಯಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಗುರುತಿಸಿದನು. ಹಗಲಿನ ನೋಟಕ್ಕೆ ಹಸಿರು-ಹಳದಿ ಬಣ್ಣ ಅತ್ಯಂತ ಪ್ರಖರ. ಮಬ್ಬಿನಲ್ಲಿ ಆ ಶಿಖರ ಹಸಿರು-ನೀಲಿಯ ಕಡೆಗೆ ಸರಿಯುತ್ತದೆ, ಕೆಂಪು ಹಿಂದುಳಿಯುತ್ತದೆ. ಆದ್ದರಿಂದ ಮಬ್ಬಿನಲ್ಲಿ ಓರೆಗಣ್ಣಿಗೆ ಬೇಗ ಬೀಳುವುದು ಹಸಿರು ದೀಪ. ಆದರೆ ಹಸಿರು ಎಲೆಗಳ ನಡುವೆ, ಇನ್ನೂ ಬೆಳಕಿರುವಾಗ, ಹಸಿರು ದೀಪ ಎಲೆಯೊಡನೆ ಬೆರೆತುಹೋಗುತ್ತದೆ. ಅಲ್ಲಿ ಕೆಂಪು ಎದ್ದು ಕಾಣುತ್ತದೆ. ಅಮ್ಮಿನಬಾವಿಯ ನಮ್ಮ ಊಹೆಯ ಹೊಲಕ್ಕೇ ಇದನ್ನು ಅನ್ವಯಿಸಿ ನೋಡಿರಿ. ಕೊಯ್ಲಾದ ಮೇಲಿನ ಕರಿಯ ಎರೆಯಲ್ಲಿ ಹಸಿರು ಮೇಲು; ಹಾಲುಗಾಳಿನ ಜೋಳ ನಿಂತಿರುವಾಗ ಕೆಂಪು ಮೇಲು; ಕುಸುಬೆಯ ಹೂವಿನ ಹೊಲದಲ್ಲಿ ಹಳದಿಯೂ ಕಿತ್ತಳೆಯೂ ಸೋಲುತ್ತವೆ. ಕೆಂಪು-ಹಸಿರುಗಳ ಭೇದ ತಿಳಿಯದ ಕಣ್ಣುಳ್ಳವರು ನಮ್ಮಲ್ಲಿ ಅಪರೂಪವಲ್ಲ. ಅಂಥವರು ತಮಗೆ ಕಾಣುವ ಬಣ್ಣವನ್ನು ತಾವೇ ಸಂಜೆಯ ಹೊತ್ತಿನಲ್ಲಿ ಪರೀಕ್ಷಿಸಿ ಕೊಳ್ಳುವುದು ಲೇಸು.

ಇಷ್ಟು ಜಾಗರೂಕತೆಯಿಂದ ಆಯ್ದ ದೀಪ ಏನನ್ನು ತೋರಿಸುತ್ತದೆ? ಮೊದಲನೆಯದಾಗಿ, ಬಾಣ ಪ್ರಾಣಿಯನ್ನು ಎಲ್ಲಿ ಮುಟ್ಟಿತೆಂಬುದನ್ನು. ಎರಡನೆಯದಾಗಿ, ಬಾಣ ಎಲ್ಲಿ ಬಿದ್ದಿದೆ ಎಂಬುದನ್ನು. ಎರಡನೆಯದೇ ಮುಖ್ಯ. ಬಲವಾದ ಅಡ್ಡಬಿಲ್ಲಿನ ಬಾಣ ಎಷ್ಟೋ ಸಲ ಪ್ರಾಣಿಯನ್ನು ದಾಟಿ ಆಚೆಯ ನೆಲದಲ್ಲಿ ನೆಡುತ್ತದೆ. ಆ ಬಾಣವನ್ನು ಓದಲು ಬಲ್ಲವನಿಗೆ ಅದು ಒಂದು ಪತ್ರ. ಅದರ ಮೇಲಿನ ರಕ್ತ ನಸುಗೆಂಪಾಗಿ ನೊರೆನೊರೆಯಾಗಿದ್ದರೆ ಪುಪ್ಪುಸಕ್ಕೆ ತಗುಲಿದೆ. ಪ್ರಾಣಿ ಹೆಚ್ಚು ದೂರ ಹೋಗಿರಲಾರದು. ಕಪ್ಪುಗೆಂಪಾಗಿದ್ದರೆ ಯಕೃತ್ತಿಗೆ ತಗುಲಿರಬಹುದು. ಹಸಿರು ಮಿಶ್ರವಾಗಿ ದುರ್ಗಂಧ ಬರುತ್ತಿದ್ದರೆ ಕರುಳಿಗೆ ತಗುಲಿದೆ. ಆಗ ಕೂಡಲೇ ಬೆನ್ನಟ್ಟಬಾರದೆಂದು ಅನುಭವಿಗಳು ಹೇಳುತ್ತಾರೆ. ಬೆನ್ನಟ್ಟಿದರೆ ನೊಂದ ಪ್ರಾಣಿ ಇನ್ನೂ ದೂರ ಓಡಿ, ಯಾರ ಕಣ್ಣಿಗೂ ಬೀಳದೆ, ಬಹುಕಾಲ ನರಳಿ ಸಾಯುತ್ತದೆ. ಕೆಲವು ಗಂಟೆ ಕಾಯ್ದು ಮೆಲ್ಲನೆ ಹೋದರೆ ಅದು ಹತ್ತಿರದಲ್ಲಿಯೇ ಮಲಗಿರುವುದುಂಟು. ರಕ್ತವೇ ಇಲ್ಲದ ಬಾಣ ಸಿಕ್ಕರೆ ಅದೊಂದು ಸಮಾಧಾನ. ಗುರಿ ತಪ್ಪಿದೆ, ಪ್ರಾಣಿ ಬದುಕಿದೆ. ಬಾಣ ಸಿಗದಿದ್ದರೆ ಇದಾವುದೂ ತಿಳಿಯುವುದಿಲ್ಲ. ಆ ಪುಟ್ಟ ದೀಪದ ನಿಜವಾದ ಬೆಲೆ ಇಲ್ಲಿದೆ. ಕೊಲ್ಲುವುದಕ್ಕೆ ಅದು ಎಷ್ಟೂ ನೆರವಾಗುವುದಿಲ್ಲ; ತಾನು ಏನು ಮಾಡಿದೆನೆಂಬುದನ್ನು ಕೊಂದವನಿಗೆ ತಿಳಿಸುತ್ತದೆ.

ಈ ದೀಪವನ್ನು ಎಲ್ಲರೂ ಕೂಡಲೇ ಸ್ವಾಗತಿಸಿದರೆಂದಲ್ಲ. ಅಮೆರಿಕದ ಬಿಲ್ಲುಬೇಟೆಗಾರರ ದಾಖಲೆಗಳನ್ನು ಇಡುವ ಪೋಪ್ ಆ್ಯಂಡ್ ಯಂಗ್ ಕ್ಲಬ್ಬು ಬಾಣಕ್ಕೆ ವಿದ್ಯುತ್ತಿನ ಉಪಕರಣ ಕೂಡದೆಂದು ಬಹುಕಾಲ ಹಿಡಿದು, ಬಳಿಕ ದೀಪದ ಹಿಳುಕಿಗೆ ಒಪ್ಪಿಗೆ ಕೊಟ್ಟಿತು. ಗುರಿಹಲಗೆಯ ಸ್ಪರ್ಧೆಗಳನ್ನು ನಡೆಸುವ ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮಗಳಲ್ಲಿ ಅದು ನಿಷಿದ್ಧ. ಎರಡೂ ತೀರ್ಮಾನಗಳಲ್ಲಿ ವಿವೇಕವಿದೆ. ಸ್ಪರ್ಧೆಯಲ್ಲಿ ಬಾಣ ಎಲ್ಲಿ ನೆಟ್ಟಿತೆಂದು ನೋಡಿ ಹೇಳಲು ತೀರ್ಪುಗಾರರಿದ್ದಾರೆ. ಕಾಡಿನಲ್ಲಿ ತೀರ್ಪುಗಾರರಿಲ್ಲ, ಬಿಟ್ಟವನೇ ಅಪರಾಧಿ, ಅವನೇ ಸಾಕ್ಷಿ, ಅವನೇ ನ್ಯಾಯಾಧೀಶ. ಅಂಥವನಿಗೆ ಒಂದು ದೀಪ ಹೆಚ್ಚಾಗದು.

ಇನ್ನು ಈ ದೀಪ ಏನನ್ನು ತೋರಿಸಲಾರದು ಎಂಬುದನ್ನು ನೋಡೋಣ. ಅದಕ್ಕೆ ನಮ್ಮ ಪುರಾಣಗಳಿಗಿಂತ ಒಳ್ಳೆಯ ಗುರುಗಳು ಬೇಡ. ದಶರಥನು ಸರಯೂ ತೀರದಲ್ಲಿ, ಕತ್ತಲಲ್ಲಿ, ಕೊಡ ತುಂಬುವ ಸಪ್ಪಳವನ್ನು ಆನೆಯ ಸಪ್ಪಳವೆಂದು ಬಗೆದು ಬಾಣ ಬಿಟ್ಟನು. ಪಾಂಡು ಹುಲ್ಲೆಯ ರೂಪದಲ್ಲಿದ್ದ ಕಿಂದಮ ಋಷಿಯನ್ನು ಹೊಡೆದನು. ಜರನೆಂಬ ಬೇಡನು ಕೃಷ್ಣನ ಪಾದವನ್ನು ಜಿಂಕೆಯೆಂದು ತಿಳಿದನು. ಮೂವರ ಬಾಣಗಳೂ ಗುರಿ ತಪ್ಪಲಿಲ್ಲ. ಮೂವರಿಗೂ ಬಾಣ ಸಿಕ್ಕಿತು. ಅವರ ಬಾಣದ ಹಿಳುಕಿಗೆ ಎಂಥ ದೀಪ ಕಟ್ಟಿದ್ದರೂ ಮಗನನ್ನು ಕಳೆದುಕೊಂಡ ಆ ಕುರುಡು ತಂದೆತಾಯಿಗಳಿಗೆ ಪ್ರಯೋಜನವಾಗುತ್ತಿರಲಿಲ್ಲ. ಹಿಳುಕಿನ ದೀಪ ಹತ್ತುವುದು ಹೆದೆ ಬಿಟ್ಟ ಮೇಲೆ. ಎದುರಿಗಿರುವುದು ಏನು, ಅದರ ಹಿಂದೆ ಯಾರಿದ್ದಾರೆ, ಈ ಬೆಳಕಿನಲ್ಲಿ ಬಾಣ ಬಿಡಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದುದು ಹೆದೆ ಬಿಡುವ ಮೊದಲು. ದೀಪವಿದೆ, ಬಾಣ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಿಂದ ಇನ್ನೂ ಹತ್ತು ನಿಮಿಷ ಕತ್ತಲಾಗುವವರೆಗೆ ಕಾಯ್ದು ಹೊಡೆಯುವವನಿಗೆ ಅದೇ ದೀಪ ಶತ್ರುವಾಗುತ್ತದೆ.

ಬಾಣವನ್ನು ಹುಡುಕುವ ಕಥೆಯೂ ನಮ್ಮಲ್ಲಿದೆ. ಭಾರವಿಯ ಕಿರಾತಾರ್ಜುನೀಯದಲ್ಲಿ ಹಂದಿಯ ರೂಪದ ರಾಕ್ಷಸನ ಮೇಲೆ ಅರ್ಜುನನೂ ಕಿರಾತವೇಷದ ಶಿವನೂ ಬಾಣ ಬಿಡುತ್ತಾರೆ. ಶಿವನ ಬಾಣ ಹಂದಿಯನ್ನು ಭೇದಿಸಿ ನೆಲದಲ್ಲಿ ಮರೆಯಾಗುತ್ತದೆ. ಅರ್ಜುನನು ತನ್ನ ಬಾಣವನ್ನು ಮರಳಿ ಪಡೆಯಲು ಹೋದಾಗ, ಅದು ನಮ್ಮ ಒಡೆಯನದು ಎಂದು ಕಿರಾತನ ದೂತನು ತಡೆಯುತ್ತಾನೆ. ಆ ಮಹಾಕಾವ್ಯದ ಜಗಳವೆಲ್ಲ ಹುಟ್ಟುವುದು ಒಂದು ಬಾಣ ಯಾರದೆಂಬ ಪ್ರಶ್ನೆಯಿಂದ. ಭಾರವಿಯ ಹೆಸರನ್ನು ಕಾಳಿದಾಸನ ಹೆಸರಿನೊಡನೆ ಕಲ್ಲಿನಲ್ಲಿ ಕೆತ್ತಿದ ಐಹೊಳೆಯ ಶಾಸನ 634ನೆಯ ಇಸವಿಯದು. ಪಟ್ಟದಕಲ್ಲಿನ ಪಾಪನಾಥ ಗುಡಿಯ ಗೋಡೆಯ ಮೇಲೆ ಕಿರಾತಾರ್ಜುನರ ಕಥೆ ಶಿಲ್ಪವಾಗಿದೆ. ಎರಡು ಊರುಗಳೂ ಮಲಪ್ರಭೆಯ ದಂಡೆಯವು. ಅಮ್ಮಿನಬಾವಿಯ ಸ್ಥಾವರವನ್ನು ಹಾದು ನಮ್ಮ ಮನೆಯ ನಲ್ಲಿಗೆ ಬರುವುದು ಅದೇ ನದಿಯ ನೀರು.

ಅರ್ಜುನನು ಆ ಬಾಣ ತನ್ನದೆಂದು ಸಾಧಿಸಲು ಹೋರಾಡಿದನು, ಏಕೆಂದರೆ ಅಲ್ಲಿದ್ದುದು ಜಯದ ಗೌರವ. ಗುರಿ ಕೆಟ್ಟು ಪ್ರಾಣಿ ನರಳುತ್ತ ಓಡಿಹೋದಾಗ ಬಾಣ ತನ್ನದೆಂದು ಹೇಳಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಕತ್ತಲೆಯಾಯಿತು, ಕಾಣಲಿಲ್ಲ, ಬಹುಶಃ ತಗುಲಿಲ್ಲ ಎಂಬ ಮಾತುಗಳು ನಾಲಗೆಯ ಮೇಲೆ ಸಿದ್ಧವಾಗಿರುತ್ತವೆ. ಹಿಳುಕಿನ ದೀಪ ಆ ಮಾತುಗಳಿಗೆ ಎಡೆಗೊಡುವುದಿಲ್ಲ. ಆಕಾರ, ಅಳತೆ, ತೂಕ, ಬಣ್ಣಗಳನ್ನು ನೋಡಿ ಅದನ್ನು ಆಯ್ದುಕೊಳ್ಳಬಹುದು, ಅದು ಕಷ್ಟದ ವಿದ್ಯೆಯಲ್ಲ. ದೂರದ ಹುಲ್ಲಿನಲ್ಲಿ ಅದು ಉರಿಯುತ್ತಿರುವುದನ್ನು ಕಂಡ ಮೇಲೆ ಅಲ್ಲಿಯವರೆಗೆ ನಡೆದುಹೋಗಿ ಬಾಣವನ್ನು ಕೀಳಬೇಕು, ಅದರ ಮೇಲಿರುವುದನ್ನು ಓದಬೇಕು, ಓದಿದಂತೆ ನಡೆಯಬೇಕು. ಅಷ್ಟು ಮಾಡಲು ಮನಸ್ಸಿಲ್ಲದವನು ದೀಪವನ್ನಷ್ಟೇ ಅಲ್ಲ, ಬಿಲ್ಲನ್ನೂ ಕೊಳ್ಳದಿರುವುದು ಒಳಿತು.